ಜತೆಗೆ ಓಡಿದವರು

ದೀಪಾವಳಿ ಬಂತೆಂದರೆ ಹಾವೇರಿ, ಹಾನಗಲ್ಲ, ಬ್ಯಾಡಗಿ ಕಡೆಯ ಊರುಗಳಲ್ಲಿ ಹೋರಿ ಬೆದರಿಸುವ ಅಖಾಡಗಳು ಸಿದ್ಧವಾಗುತ್ತವೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಬೆನ್ನ ಮೇಲೆ ಜೂಲ. ಅಲಂಕಾರ ಮುಗಿಸಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಕೊಬ್ಬರಿ ಹರಿದವನು ಗೆದ್ದ. ಯಾರ ಕೈಗೂ ಸಿಗದೆ ದಾಟಿಹೋದರೆ ಹೋರಿ ಗೆದ್ದಿತು. ಗಾಯಗೊಂಡವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆದರೂ ಹಬ್ಬ ನಿಂತಿಲ್ಲ, ಕೊಬ್ಬರಿ ಹರಿದವನ ಹೆಸರು ಮುಂದಿನ ದೀಪಾವಳಿಯವರೆಗೂ ಊರಿನ ಬಾಯಲ್ಲಿ ಇರುತ್ತದೆ.

ಈ ಸೀಮೆಯಲ್ಲಿ ಮೈಯ ಕಸುವಿಗೆ ಹಿಂದಿನಿಂದಲೂ ದೊಡ್ಡ ಮರ್ಯಾದೆ. ಹಳೆಯ ಊರುಗಳಲ್ಲಿ ಹನುಮಂತನ ಗುಡಿಯ ಮಗ್ಗುಲಲ್ಲೇ ಗರಡಿ ಮನೆ. ಕೆಂಪು ಮಣ್ಣಿನಲ್ಲಿ ಸಾಮು ತೆಗೆದ ಹುಡುಗರು ಜಾತ್ರೆಯ ಕುಸ್ತಿಗೆ ಇಳಿಯುತ್ತಿದ್ದರು. ಸಂಗ್ರಾಣಿ ಕಲ್ಲು ಎತ್ತುವುದು, ಜೋಳದ ಚೀಲ ಹೊತ್ತು ನಡೆಯುವುದು ಹಬ್ಬದ ಪಂದ್ಯಗಳಾಗಿದ್ದವು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅದೇ ಚೀಲ ಹೊರುವುದು ಹೊಟ್ಟೆಪಾಡು; ಸುಗ್ಗಿಯಲ್ಲಿ ಕೆಂಪು ಕಾಯಿಯ ಘಾಟಿಗೆ ಕೆಮ್ಮುತ್ತಲೇ ಹಮಾಲರು ಬೆಳಗಿನಿಂದ ಬೆನ್ನು ಬಗ್ಗಿಸಿ ಓಡಾಡುತ್ತಾರೆ. ಆಟವಿರಲಿ, ದುಡಿಮೆಯಿರಲಿ, ಎರಡೂ ಕೇಳುತ್ತಿದ್ದುದು ಗಟ್ಟಿ ಕಾಲು, ಗಟ್ಟಿ ತೋಳು, ನೆಟ್ಟಗಿನ ನೋಟವನ್ನು.

ಹಾಗಾದರೆ ಕಣ್ಣಿಲ್ಲದ ಮಗು, ಕಾಲು ಸೊರಗಿದ ಮಗು ಎಲ್ಲಿ ನಿಲ್ಲಬೇಕಿತ್ತು? ಗರಡಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಪೇಟೆಯಲ್ಲೂ ಇರಲಿಲ್ಲ. ಕುಸ್ತಿಯ ಕಣದ ಅಂಚಿನಲ್ಲಿ ಕೂತು ಗದ್ದಲ ಕೇಳುವುದಷ್ಟೇ ಅದರ ಪಾಲಾಗಿತ್ತು. ಆ ಅಂಚಿನಿಂದ ಎದ್ದು ಬಂದವರ ಕಥೆ ಹಾವೇರಿ ಜಿಲ್ಲೆಯಲ್ಲಿ ಕ್ರೀಡಾಪಟುಗಳಿಂದ ಶುರುವಾಗುವುದಿಲ್ಲ. ಅದು ಶುರುವಾಗುವುದು ಹಾಡುಗಾರರಿಂದ.

1892ರ ಫೆಬ್ರುವರಿ 2ರಂದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಹುಟ್ಟಿದ. ಅವನಿಗೂ ಕಣ್ಣಿರಲಿಲ್ಲ, ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಇಬ್ಬರಿಗೂ ಇದ್ದದ್ದು ಇಂಪಾದ ಕಂಠ. ಅವರ ಹಾಡು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಸ್ವಾಮಿಗಳೂ ಇದೇ ಮಣ್ಣಿನವರು. 1867ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಹುಟ್ಟಿ, 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನೂ ಕಟ್ಟಿದವರು. ಅವರು ಹುಡುಗರನ್ನು ಹರಸಿ ಮುಂದೆ ಹೋಗಲಿಲ್ಲ. ಅವರನ್ನು ತಮ್ಮ ಜತೆಗೇ ಕರೆದುಕೊಂಡು ಹೋದರು, ಸಂಗೀತ ಕಲಿಸುವ ಹೊಣೆ ಹೊತ್ತರು. ಗುರುಬಸಯ್ಯ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತ, ಬಳಿಕ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಕಲಿತ. ವರ್ಷಗಟ್ಟಲೆ ನಡೆದ ಆ ಕಲಿಕೆಯ ಊಟ, ವಸತಿ, ಪ್ರಯಾಣದ ಖರ್ಚನ್ನೆಲ್ಲ ಮಠ ನಡೆಸಿತು. ಗದಿಗೆಯ್ಯ ಪಂಚಾಕ್ಷರಿ ಗವಾಯಿಯಾದದ್ದು ಹೀಗೆ.

ಪಂಚಾಕ್ಷರಿ ಗವಾಯಿಗಳು ಕಲಿತದ್ದನ್ನು ಕಟ್ಟಿಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಸೇರಿಸಿಕೊಂಡು ಊರಿಂದೂರಿಗೆ ಸಾಗುವ ಸಂಗೀತ ಶಾಲೆ ನಡೆಸಿದರು. ಊರವರು ಕೊಟ್ಟ ಜೋಳ, ಹಾಕಿದ ಕಾಸು, ತೋರಿದ ಜಾಗ, ಇಷ್ಟರ ಮೇಲೆ ಆ ಶಾಲೆ ನಡೆಯಿತು. ಕಣ್ಣಿದ್ದವರೂ ಅಲ್ಲಿ ಕಲಿಯಲು ಬಂದರು. ಮುಂದೆ ದೇಶವೇ ಕೇಳಿದ ಬಸವರಾಜ ರಾಜಗುರು ಹುಡುಗರಾಗಿದ್ದಾಗ ಈ ಸಂಚಾರಿ ಬಳಗದಲ್ಲಿದ್ದರು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಶಾಲೆ ನೆಲೆಯೂರಿತು. 1944ರಲ್ಲಿ ಗವಾಯಿಗಳು ತೀರಿಕೊಂಡಾಗ ಆಶ್ರಮದ ಭಾರ ಹೊತ್ತವರು ಅದೇ ಹಾನಗಲ್ಲ ತಾಲ್ಲೂಕಿನ ಇನ್ನೊಬ್ಬರು, ಬಾಲ್ಯದಲ್ಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜರು. ಹೆತ್ತವರನ್ನು ಕಳೆದುಕೊಂಡ ಆ ಹುಡುಗನನ್ನು ಸಾಕಿ ಗುರುವಿನ ಬಳಿಗೆ ಕರೆತಂದವರು ಸೋದರಮಾವ. ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರಿನವರೆಗೆ, ಅಂದರೆ 66 ವರ್ಷ ಆಶ್ರಮ ನಡೆಸಿದರು. ಹಲವು ವಾದ್ಯ ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು, ಆಶ್ರಮದ ಒಲೆ ಆರದಿರಲೆಂದು ನಾಟಕ ಕಂಪನಿಯನ್ನೂ ನಡೆಸಿದರು.

ಚಿಂದೋಡಿ ಬಂಗಾರೇಶ ಅವರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಈ ಬದುಕನ್ನು ಮನೆಮನೆಗೆ ಮುಟ್ಟಿಸಿತು. 1995ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದರ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಗೌರವ ಸಂದಿತು. ಗವಾಯಿಗಳ ಫೋಟೊ ಇಲ್ಲದ ಸಂಗೀತ ಶಾಲೆ ಈ ಭಾಗದಲ್ಲಿ ಅಪರೂಪ. ಆದರೆ ಭಾಷಣಗಳಲ್ಲಿ ಈ ಕಥೆ ಹೇಳುವಾಗ ಒಂದು ತುದಿ ಮಾತ್ರ ಎತ್ತಿ ಹೇಳುವ ರೂಢಿ ಬೆಳೆದಿದೆ. ಕಣ್ಣಿಲ್ಲದಿದ್ದರೂ ಛಲದಿಂದ ಗೆದ್ದರು ಎಂದು ಮುಗಿಸಿಬಿಡುತ್ತಾರೆ. ಛಲ ಇತ್ತು, ಯಾರೂ ಅಲ್ಲಗಳೆಯಲಾರರು. ಆ ಛಲಕ್ಕೆ ಹನ್ನೆರಡು ತಿಂಗಳೂ ಅನ್ನ ಹಾಕಿದವರಿದ್ದರು, ಮೈಸೂರಿನ ದಾರಿ ತೋರಿದವರಿದ್ದರು ಎಂಬುದು ಕಥೆಯ ಇನ್ನೊಂದು ತುದಿ. ಅದನ್ನು ಬಿಟ್ಟು ಹೇಳಿದರೆ ಕೇಳುವ ಮಗುವಿನ ಮೇಲೆ ಅನ್ಯಾಯದ ಭಾರ ಬೀಳುತ್ತದೆ. ನೀನು ಗೆಲ್ಲಲಿಲ್ಲವೆಂದರೆ ನಿನ್ನಲ್ಲಿ ಛಲ ಸಾಲದು ಎಂದು ಹೇಳಿದ ಹಾಗಾಗುತ್ತದೆ.

ಹಾಡು ಕಣ್ಣಿಲ್ಲದವರಿಗೆ ಒಂದು ನೆಲೆ ಕೊಟ್ಟಿತು. ಮೈಯನ್ನೇ ಪಣಕ್ಕಿಡುವ ಆಟದ ಬಯಲು ಮಾತ್ರ ಇನ್ನೂ ಬಹಳ ಕಾಲ ಮುಚ್ಚಿಯೇ ಇತ್ತು. ಅದು ತೆರೆದದ್ದು ದೂರದ ಇಂಗ್ಲೆಂಡಿನ ಒಂದು ಆಸ್ಪತ್ರೆಯ ಹುಲ್ಲುಹಾಸಿನಲ್ಲಿ. ಲಂಡನ್ ಒಲಿಂಪಿಕ್ಸ್ ಆರಂಭವಾದ 1948ರ ಜುಲೈ 29ರಂದೇ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗುಟ್ಮನ್ ಗಾಲಿಕುರ್ಚಿಯಲ್ಲಿದ್ದ 16 ಮಂದಿ ಮಾಜಿ ಸೈನಿಕರಿಗೆ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಬೆನ್ನುಹುರಿ ಮುರಿದವರನ್ನು ಹಾಸಿಗೆಗೆ ಒಪ್ಪಿಸಿ ಕೈಬಿಡುತ್ತಿದ್ದ ಕಾಲವದು. ಅವರನ್ನು ಎಬ್ಬಿಸಿ ಕೂರಿಸಲು ಆಟವೇ ಔಷಧ ಎಂದು ಗುಟ್ಮನ್ ನಂಬಿದ್ದರು. 1960ರಲ್ಲಿ ರೋಮ್‌ನಲ್ಲಿ ಅದು ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು.

ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟಕರ್. ಸೇನೆಯಲ್ಲಿ ಬಾಕ್ಸರ್ ಆಗಿದ್ದ ಅವರು 1965ರ ಯುದ್ಧದಲ್ಲಿ ಗುಂಡೇಟು ತಿಂದು ನಡೆಯಲಾರದಂತಾದರು. ಚಿಕಿತ್ಸೆಗೆಂದು ನೀರಿಗಿಳಿದವರು ಈಜುಗಾರರಾದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಅವರ ವಿದೇಶ ಪ್ರಯಾಣಕ್ಕೆ ನೆರವಾದವರು ಹಳೆಯ ಕ್ರಿಕೆಟಿಗ ವಿಜಯ್ ಮರ್ಚಂಟ್. ದೇಶ ಪೇಟಕರ್ ಅವರಿಗೆ ಪದ್ಮಶ್ರೀ ಕೊಟ್ಟದ್ದು 2018ರಲ್ಲಿ, ಚಿನ್ನ ಗೆದ್ದು 46 ವರ್ಷಗಳಾದ ಮೇಲೆ.

ಕರ್ನಾಟಕದಲ್ಲಿ ಈ ಬಯಲಿಗೆ ಮೊದಲು ಇಳಿದವರ ಸಾಲಿನಲ್ಲಿ ಮಾಲತಿ ಹೊಳ್ಳ ಇದ್ದಾರೆ. 1958ರಲ್ಲಿ ಹುಟ್ಟಿದ ಅವರಿಗೆ ವರ್ಷ ತುಂಬುವ ಹೊತ್ತಿಗೆ ಜ್ವರ ಬಂತು, ಪೋಲಿಯೊ ಇಡೀ ಮೈಯನ್ನು ಹಿಡಿಯಿತು. ಎರಡು ವರ್ಷದ ವಿದ್ಯುತ್ ಚಿಕಿತ್ಸೆಯಿಂದ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು, ಕಾಲಿಗೆ ಬರಲಿಲ್ಲ. ಬಾಲ್ಯದ ಬಹುಪಾಲು ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆಯಿತು. ಒಟ್ಟು 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು. ಗಾಲಿಕುರ್ಚಿಯಲ್ಲಿ ಕೂತೇ ಗುಂಡು, ಚಕ್ರ, ಭರ್ಜಿ ಎಸೆದರು. 1988ರ ಸೋಲ್‌ನಿಂದ ಹಲವು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಆಡಿದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂತು. ತಮಗೆ ಸಿಕ್ಕ ಆಸರೆ ಇತರರಿಗೂ ಸಿಗಲೆಂದು ಬೆಂಗಳೂರಿನಲ್ಲಿ ಮಾತೃ ಫೌಂಡೇಶನ್ ಕಟ್ಟಿ ಅಂಗವಿಕಲ ಮಕ್ಕಳನ್ನು ಸಾಕಿದರು. ಮಾಲತಿಯವರ ಪೀಳಿಗೆಯಲ್ಲಿ ಪೋಲಿಯೊ ತಗುಲಿದ ಮಕ್ಕಳಿಲ್ಲದ ಊರೇ ವಿರಳ. 1995ರಲ್ಲಿ ಪಲ್ಸ್ ಪೋಲಿಯೊ ಹನಿ ಹಾಕಲು ಆರಂಭವಾಗಿ, 2011ರ ಜನವರಿಯ ಬಳಿಕ ದೇಶದಲ್ಲಿ ಹೊಸ ಪ್ರಕರಣ ಕಾಣಿಸದೆ, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಎನಿಸಿತು. ಬೂತಿಗೆ ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು, ಮನೆಮನೆ ತಿರುಗಿದ ಅಂಗನವಾಡಿ ಕಾರ್ಯಕರ್ತೆಯರು ಇಲ್ಲದಿದ್ದರೆ ಇನ್ನೆಷ್ಟು ಕಾಲುಗಳು ಸೊರಗುತ್ತಿದ್ದವೋ.

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಸಿಕ್ಕದ್ದು ಒಂದೇ ಒಂದು ಪದಕ. ಅದನ್ನು ಗೆದ್ದವರು ಹಾಸನ ಜಿಲ್ಲೆಯ ರೈತಾಪಿ ಹಳ್ಳಿಯಿಂದ ಬಂದ ಎಚ್.ಎನ್. ಗಿರೀಶ. ಹುಟ್ಟಿನಿಂದಲೇ ಅವರ ಎಡಗಾಲಿನಲ್ಲಿ ಊನವಿತ್ತು. ಎತ್ತರ ಜಿಗಿತದಲ್ಲಿ ಕತ್ತರಿ ಹಾಕಿದಂತೆ ಕಾಲೆತ್ತಿ ದಾಟುವ ಹಳೆಯ ಪಟ್ಟು ಅವರದು. ಆ ದಿನದ ಫೈನಲ್ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಫಿಜಿಯ ಇಲಿಯೇಸಾ ದೆಲಾನಾ, ಗಿರೀಶ, ಪೋಲೆಂಡಿನ ಲುಕಾಶ್ ಮಾಮ್‌ಚಾರ್ಜ್ ಮೂವರೂ ದಾಟಿದ್ದು 1.74 ಮೀಟರ್. ಎತ್ತರ ಒಂದೇ ಆದ್ದರಿಂದ ಯಾರು ಎಷ್ಟು ಸಲ ತಪ್ಪಿದರು ಎಂಬ ಲೆಕ್ಕದ ಮೇಲೆ ಚಿನ್ನ, ಬೆಳ್ಳಿ, ಕಂಚು ಹಂಚಿಕೆಯಾದವು. ದೆಲಾನಾ ತನ್ನ ಪುಟ್ಟ ದ್ವೀಪದೇಶಕ್ಕೆ ಮೊದಲ ಪ್ಯಾರಾಲಿಂಪಿಕ್ ಪದಕ ಒಯ್ದ. ಗಿರೀಶರ ಬೆಳ್ಳಿ ಕರ್ನಾಟಕದ ಶಾಲೆಗಳಲ್ಲಿ ಪಾಠವಾಗುವಷ್ಟು ದೊಡ್ಡ ಸುದ್ದಿಯಾಯಿತು, ಮರುವರ್ಷ ಪದ್ಮಶ್ರೀ ಬಂತು.

ಗಿರೀಶರನ್ನು ಪಳಗಿಸಿದ ಬೆಂಗಳೂರಿನ ತರಬೇತುದಾರ ಸತ್ಯನಾರಾಯಣ ಅಲ್ಲಿಗೇ ನಿಲ್ಲಲಿಲ್ಲ. ಸೇಲಂ ಜಿಲ್ಲೆಯಲ್ಲಿ ಐದನೇ ವಯಸ್ಸಿಗೇ ಬಸ್ಸಿನ ಚಕ್ರಕ್ಕೆ ಸಿಕ್ಕು ಕಾಲು ಜಜ್ಜಿಹೋಗಿದ್ದ ಮಾರಿಯಪ್ಪನ್ ತಂಗವೇಲು ಎಂಬ ಹುಡುಗನನ್ನು ಗುರುತಿಸಿ ಬೆಂಗಳೂರಿಗೆ ಕರೆತಂದು ತಯಾರು ಮಾಡಿದರು. ಲಂಡನ್ ಕೂಟ ಕಳೆದು ನಾಲ್ಕು ವರ್ಷಕ್ಕೆ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಮಾರಿಯಪ್ಪನ್ 1.89 ಮೀಟರ್ ಜಿಗಿದು ಚಿನ್ನ ಗೆದ್ದ. ಹಾನಗಲ್ಲ ಸ್ವಾಮಿಗಳು ಕಂಠ ಕೇಳಿದರು, ಸತ್ಯನಾರಾಯಣ ಜಿಗಿತ ಕಂಡರು. ಕಾಲ ಬೇರೆ, ಕಸುಬು ಬೇರೆ, ನಡೆದದ್ದು ಒಂದೇ ಬಗೆಯ ಕೆಲಸ.

ಗಾಲಿಕುರ್ಚಿ, ಜಿಗಿತಗಳಿಗಿಂತಲೂ ಹಾವೇರಿ ಸೀಮೆಯ ಹಳ್ಳಿಗಳಿಗೆ ಹತ್ತಿರವಾದ ಆಟ ಅಂಧರ ಕ್ರಿಕೆಟ್. ಇದರ ಹುಟ್ಟೇ ಬಲು ಸೊಗಸಾದದ್ದು. 1922ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾರ್ಖಾನೆಯ ಇಬ್ಬರು ಅಂಧ ಕಾರ್ಮಿಕರು ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ, ಅದರ ಸದ್ದು ಹಿಡಿದು ಆಡಿದರು. ಈಗ ಗಟ್ಟಿ ಪ್ಲಾಸ್ಟಿಕ್ ಚೆಂಡು, ಒಳಗೆ ಗಲಗಲ ಎನ್ನುವ ಬೇರಿಂಗ್ ಗುಂಡುಗಳು. ಬೌಲರ್ ಕೈ ಕೆಳಗಿನಿಂದ ನೆಲಕ್ಕೆ ಉರುಳಿಸುತ್ತಾನೆ. ಎಸೆಯುವ ಮೊದಲು ತಯಾರೇ ಎಂದು ಕೇಳಬೇಕು, ಬ್ಯಾಟ್ಸ್‌ಮನ್ ಹೌದು ಎನ್ನಬೇಕು, ಚೆಂಡು ಬಿಡುವಾಗ ಕೂಗಿ ಹೇಳಬೇಕು. ಬ್ಯಾಟ್ಸ್‌ಮನ್ ಮಂಡಿಯೂರಿ ಗುಡಿಸಿದಂತೆ ಬ್ಯಾಟ್ ಬೀಸುತ್ತಾನೆ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಅಂಧರಿರಬೇಕು, ಅವರು ಹೊಡೆದ ಪ್ರತಿ ರನ್ನೂ ಎರಡಾಗಿ ಎಣಿಕೆಯಾಗುತ್ತದೆ. ಆಟದ ನಿಯಮ ಬರೆದವರು ಯಾರನ್ನೂ ಕಣದ ಅಂಚಿಗೆ ಕೂರಿಸದಂತೆ ಬರೆದಿದ್ದಾರೆ ಎಂಬುದು ಆ ಒಂದು ಸಾಲಿನಲ್ಲೇ ಗೊತ್ತಾಗುತ್ತದೆ.

ಈ ಆಟದ ದೊಡ್ಡ ಹೆಸರು ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯದು. ಶೇಖರ್ ನಾಯ್ಕ ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿದರು. ಅವರ ಬಂಧುಬಳಗದಲ್ಲಿ ಕಣ್ಣಿನ ತೊಂದರೆ ಇದ್ದವರು ಹಲವರು. ಬಾಲ್ಯದಲ್ಲಿ ಆದ ಒಂದು ಶಸ್ತ್ರಚಿಕಿತ್ಸೆಯಿಂದ ಬಲಗಣ್ಣಿಗೆ ತುಸು ನೋಟ ಬಂತು. ತಂದೆ ತಾಯಿ ಇಬ್ಬರನ್ನೂ ಬೇಗ ಕಳೆದುಕೊಂಡರು. ಬ್ಯಾಟು ಕೈಗೆ ಬಂದದ್ದು ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರದಲ್ಲಿ. 2012ರ ಡಿಸೆಂಬರಿನಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ನಡೆದದ್ದು ಬೆಂಗಳೂರಿನಲ್ಲಿ. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಭಾರತ ತಂಡಕ್ಕೆ ಶೇಖರ್ ನಾಯಕ. 2014ರಲ್ಲಿ ಕೇಪ್‌ಟೌನ್‌ನಲ್ಲಿ ಏಕದಿನ ವಿಶ್ವಕಪ್ಪನ್ನೂ ಅವರ ತಂಡವೇ ಗೆದ್ದಿತು. 2017ರಲ್ಲಿ ಪದ್ಮಶ್ರೀ. ಅಂಧರ ಕ್ರಿಕೆಟ್ ದೇಶದಲ್ಲಿ ಬೇರೂರುವಂತೆ ದುಡಿದ ಸಮರ್ಥನಂ ಸಂಸ್ಥೆಯನ್ನು 1997ರಲ್ಲಿ ಕಟ್ಟಿದವರಲ್ಲಿ ಬೆಳಗಾವಿ ಜಿಲ್ಲೆಯಿಂದ ಬಂದ, ತಾವೂ ಕಣ್ಣಿಲ್ಲದ ಮಹಾಂತೇಶ ಕಿವಡಸಣ್ಣವರ ಇದ್ದಾರೆ. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಫೈನಲ್ ನಡೆದ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪನ್ನೂ ಭಾರತವೇ ಎತ್ತಿತು, ಟಿ.ಸಿ. ದೀಪಿಕಾ ನಾಯಕತ್ವದಲ್ಲಿ.

ಹೊರಗಿನ ದೇಶಗಳ ಕಥೆಗಳಲ್ಲಿ ನಮ್ಮ ಶಾಲೆಗಳ ಭಾಷಣಕ್ಕೆ ಹೆಚ್ಚು ಬರುವುದು ಅಮೆರಿಕದ ವಿಲ್ಮಾ ರುಡಾಲ್ಫ್ ಅವರದು. ಪೋಲಿಯೊ ತಗುಲಿ ಕಾಲಿಗೆ ಕಬ್ಬಿಣದ ಆಸರೆ ಕಟ್ಟಿಕೊಂಡಿದ್ದ ಕಪ್ಪು ಹುಡುಗಿ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತು. ಅವರ ತಾಯಿ ಬ್ಲಾಂಚ್ ಮನೆಗೆಲಸ ಮಾಡಿ ದುಡಿಯುವ ಹೆಂಗಸು. ಕಪ್ಪು ಜನರಿಗೆ ಚಿಕಿತ್ಸೆ ಕೊಡುವ ನ್ಯಾಶ್‌ವಿಲ್‌ನ ಆಸ್ಪತ್ರೆಗೆ ಸುಮಾರು 80 ಕಿ.ಮೀ. ಬಸ್ಸಿನಲ್ಲಿ ಮಗಳನ್ನು ಕರೆದೊಯ್ಯುತ್ತಿದ್ದರು, ಅದೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು. ಮನೆಯಲ್ಲಿ ಅಕ್ಕ ಅಣ್ಣಂದಿರು ಸರದಿಯ ಮೇಲೆ ದಿನಕ್ಕೆ ನಾಲ್ಕು ಸಲ ಆ ಕಾಲನ್ನು ತಿಕ್ಕುತ್ತಿದ್ದರು. ಹೀಗೆ ವರ್ಷಗಳೇ ಕಳೆದವು. ಇಷ್ಟನ್ನೂ ಸೇರಿಸಿ ಹೇಳಿದರೆ ಮಗುವಿನ ಜತೆ ಅದರ ಅಪ್ಪ ಅಮ್ಮ, ಅಕ್ಕಪಕ್ಕದವರೂ ಆ ಕಥೆಯಲ್ಲಿ ತಮ್ಮ ಪಾಲು ಕಾಣುತ್ತಾರೆ.

ಜತೆಗಾರರ ಪಾಲು ಕಣ್ಣಿಗೆ ಕಾಣುವಂತೆ ಇರುವ ಸ್ಪರ್ಧೆಯೂ ಒಂದಿದೆ. ಪೂರ್ತಿ ಅಂಧರ ಓಟದಲ್ಲಿ ಓಟಗಾರರೆಲ್ಲ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಪಕ್ಕದಲ್ಲಿ ಕಣ್ಣಿರುವ ಒಬ್ಬ ಮಾರ್ಗದರ್ಶಿ ಓಡುತ್ತಾನೆ. ಇಬ್ಬರ ಕೈಯನ್ನು ಒಂದು ತುಂಡು ಹಗ್ಗ ಕೂಡಿಸಿರುತ್ತದೆ. ಅವನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಗುರಿಯ ಗೆರೆಯನ್ನು ಓಟಗಾರನೇ ಮೊದಲು ದಾಟಬೇಕು. ಮಾರ್ಗದರ್ಶಿ ಮುಂದೆ ಹೋದರೆ ಇಬ್ಬರೂ ಹೊರಗೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಈ ಓಟದಲ್ಲಿ ಏಷ್ಯಾವನ್ನೇ ಗೆದ್ದವರು. ಹೆತ್ತವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಅವರನ್ನು ಸಾಕಿದ್ದು ಕಿವಿ ಕೇಳದ, ಮಾತು ಬಾರದ ಅಜ್ಜಿ. ಓದಿದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧರ ಶಾಲೆಯಲ್ಲಿ. 2018ರ ಜಕಾರ್ತಾ ಮತ್ತು 2023ರಲ್ಲಿ ನಡೆದ ಹಾಂಗ್‌ಝೌ ಪ್ಯಾರಾ ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ 1500 ಮೀಟರ್ ಚಿನ್ನ ಅವರದೇ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೋದಾಗ ಹಗ್ಗದ ಇನ್ನೊಂದು ತುದಿ ಹಿಡಿದವರು ರಾಹುಲ್ ಬಾಲಕೃಷ್ಣ, ಸ್ವತಃ ಮಧ್ಯಮ ದೂರದ ಓಟಗಾರ. ಪದಕ ಸುತ್ತಿಗೆ ಅವರು ಏರಲಿಲ್ಲ. ಅದರಿಂದ ಆ ಓಟದ ಬೆಲೆ ಕಡಿಮೆಯಾಗಿಲ್ಲ.

ಹಾವೇರಿ ಜಿಲ್ಲೆಗೆ ಈ ಕಥೆ ನೇರವಾಗಿ ತಾಗುವುದು ಇಲ್ಲಿಯೇ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ಅವರಿಗೆ ಗೊತ್ತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಕುಸ್ತಿ, ಕಬಡ್ಡಿ, ಕೊಕ್ಕೊ ಕಲಿಸಿ ಪಳಗಿದ ದೈಹಿಕ ಶಿಕ್ಷಕರು ಶಾಲೆಗಳಲ್ಲಿದ್ದಾರೆ. ಕೊರತೆಯಿರುವುದು ಇವರನ್ನೆಲ್ಲ ಒಂದು ಬಯಲಿಗೆ ತರುವವರದು. ರಾಜಧಾನಿ ಇಲ್ಲಿಂದ 300 ಕಿ.ಮೀ.ಗೂ ದೂರ, ಪ್ಯಾರಾ ಕ್ರೀಡೆಯ ತರಬೇತಿಯ ಬಹುಪಾಲು ಅಲ್ಲಿಯೇ. ಬ್ಯಾಡಗಿಯ ಹಮಾಲನ ಮಗಳನ್ನು ಅಲ್ಲಿಗೆ ಕಳಿಸುವ ಮೊದಲು ಇಲ್ಲೇ ಓಡಿಸಿ ನೋಡಬೇಕು.

ಅದಕ್ಕೆ ಬೇಕಾದ ಕಾಲುಗಳು ಇಲ್ಲೇ ಇವೆ. ಹಾವೇರಿ, ರಾಣೆಬೆನ್ನೂರಿನ ಮೈದಾನಗಳಲ್ಲಿ ನಸುಕಿನಲ್ಲೇ ಪೊಲೀಸ್ ಮತ್ತು ಸೇನಾ ಭರ್ತಿಗೆಂದು ಹುಡುಗರು ಓಡುತ್ತಾರೆ. ಸೇನಾ ಭರ್ತಿಯಲ್ಲಿ ಪೂರ್ತಿ ಅಂಕ ಪಡೆಯಲು 1600 ಮೀಟರ್‌ಗೆ ಐದೂವರೆ ನಿಮಿಷದ ಗಡುವಿದೆ. ರಕ್ಷಿತಾ 1500 ಮೀಟರ್ ಓಡುವುದು ಐದು ನಿಮಿಷ ಇಪ್ಪತ್ತು, ಮೂವತ್ತು ಸೆಕೆಂಡುಗಳ ಆಸುಪಾಸಿನಲ್ಲಿ. ಅಂದರೆ ಏಷ್ಯಾ ಗೆದ್ದ ಅಂಧ ಓಟಗಾರ್ತಿಯ ಪಕ್ಕದಲ್ಲಿ ಹಗ್ಗ ಹಿಡಿದು ಓಡಬಲ್ಲಷ್ಟು ವೇಗದ ಹುಡುಗರು ಈ ಮೈದಾನಗಳಲ್ಲಿ ತಯಾರಾಗುತ್ತಲೇ ಇದ್ದಾರೆ. ಹೆಜ್ಜೆಗೆ ಹೆಜ್ಜೆ ಕೂಡಿಸುವುದನ್ನು, ತಿರುವು ಬಂದಾಗ ಕೂಗಿ ಹೇಳುವುದನ್ನು, ಕೊನೆಯ ಹತ್ತು ಮೀಟರ್‌ನಲ್ಲಿ ತುಸು ಹಿಂದೆ ಸರಿಯುವುದನ್ನು ಅವರಿಗೆ ಕಲಿಸಬೇಕು. ವಾರಕ್ಕೆ ಎರಡು ಬೆಳಗು, ಒಂದು ಗಜ ಹಗ್ಗ, ಒಬ್ಬ ದೈಹಿಕ ಶಿಕ್ಷಕ ಇದ್ದರೆ ಈ ಕೆಲಸವನ್ನು ಯಾವ ತಾಲ್ಲೂಕಿನಲ್ಲಾದರೂ ಆರಂಭಿಸಬಹುದು.